ಒಂದನೇ ಎದುರುದಾರ

ದೊಡ್ಡಉಳ್ಳಾರ್ತಿ ಹಟ್ಟಿ,
18 ನವೆಂಬರ್ 2024

ತಂಗಿ ಪಾಪಕ್ಕನಿಗೆ ಅಣ್ಣ ಸೂರಪ್ಪ ಬರೆಯುವುದು.

ನೀನು ಕಳಿಸಿದ ಕೋರ್ಟಿನ ನೋಟಿಸು ತಲುಪಿತು. ಪೋಸ್ಟಿನ ಪಾಲಣ್ಣ ಅದನ್ನು ಮನೆಗೇ ತಂದುಕೊಡಬಹುದಿತ್ತು. ಹಾಗೆ ಮಾಡದೆ, ಹಟ್ಟಿಯ ಹಿರಿಯರೆಲ್ಲ ಕಟ್ಟೆಯ ಮೇಲೆ ಕೂತಿದ್ದಾಗ ನನ್ನನ್ನು ಕೂಗಿ ಕರೆದ. "ಸೂರಣ್ಣ, ನಿನ್ನ ಮಗನ ಮ್ಯಾಲೆ ಕೇಸ್ ಆಗೈತೆ. ಹಾಕಿದೋರು ಮೊಳಕಾಲ್ಮೂರಿನ ಪಾಪಕ್ಕ ಅಂತೈತೆ. ನಿನ್ನ ತಂಗಿ ಹೆಸ್ರೂ ಅದೇ ಅಲ್ವಾ?" ಎಂದು ಕೇಳಿದ. ಗೊತ್ತಿಲ್ಲದೆ ಕೇಳಿದ್ದಲ್ಲ ಅದು. ನಾನು ಸಹಿ ಹಾಕಿ ಮನೆಗೆ ಬಂದೆ. ಬೆನ್ನ ಹಿಂದೆ ಯಾರೂ ಒಂದು ಮಾತೂ ಆಡಲಿಲ್ಲ. ಆಡಿದ್ದರೆ ಚೆನ್ನಾಗಿತ್ತು, ತಿರುಗಿ ನಿಂತು ಬೈಯಬಹುದಿತ್ತು.

ಹುಡುಗನಿಂದ ತಪ್ಪಾಗಿದೆ, ಇಲ್ಲವೆಂದು ನಾನು ಎಂದೂ ಹೇಳಿಲ್ಲ. ಗಣೇಶನ ಹಬ್ಬ ಕಳೆದ ಮೇಲೆ ನೀನು ಮದುಮಗಳೊಬ್ಬಳ ಸೀರೆ ಕೊಡಲು ಚಳ್ಳಕೆರೆಗೆ ಬಂದಿದ್ದೆ. ಬಸ್ ನಿಲ್ದಾಣದ ಹತ್ತಿರ ಮಾರುತೇಶ ರಾಂಗ್ ಸೈಡಿನಲ್ಲಿ ಬೈಕು ತಂದು ನಿನಗೆ ಗುದ್ದಿದ. ಯಾರಿಗೋ ಏನೋ ಆಯಿತೆಂದು ಎತ್ತಲು ಬಗ್ಗಿದರೆ ಬಿದ್ದಿದ್ದವಳು ಸ್ವಂತ ಅತ್ತೆ. ನಿನ್ನ ಬಲಗೈಗೆ ಪ್ಲೇಟು ಹಾಕಿದ ದಿನ ನಾನೂ ನಿನ್ನ ಅತ್ತಿಗೆ ಕಾಟಮ್ಮನೂ ಆಸ್ಪತ್ರೆಯ ಬಾಗಿಲು ಬಿಟ್ಟು ಕದಲಲಿಲ್ಲ. ಬಿಲ್ಲು ಕಟ್ಟಿದವನೂ ನಾನೇ. ಇನ್ನೂ ಬೇಕಿದ್ದರೆ ಟಗರು ಮಾರಿ ಕೊಡುತ್ತಿದ್ದೆ. ನೀನು ಬಾಯಿ ಬಿಟ್ಟು ಕೇಳಿದ್ದರೆ ಸಾಕಿತ್ತು.

ಅದು ಬಿಟ್ಟು ಪರಿಹಾರದ ಕೇಸು ಹಾಕಿದ್ದೀಯ. ಒಂದನೇ ಎದುರುದಾರ ಮಾರುತೇಶ್, ತಂದೆ ಸೂರಪ್ಪ. ಊಟ ತಲುಪಿಸುವ ಆ ಕಂಪನಿ ಎರಡನೆಯದಂತೆ. ತವರಿಗೆ ಮೊದಲ ಮಣೆ ಹಾಕಿದ್ದೀಯ, ಬಹಳ ಸಂತೋಷ. ನಮ್ಮಪ್ಪ ದೇವರ ಎತ್ತುಗಳನ್ನು ಕಾದ ಕಿಲಾರಿ. ಅವನ ನಂತರ ಆ ಎತ್ತುಗಳನ್ನು ಕೂಡುವ ರೊಪ್ಪಕ್ಕೆ ನಾನು ಕಿಲಾರಿ. ಈ ಮನೆಯ ಹೆಣ್ಣುಮಗಳು ಈ ಮನೆಯ ಗಂಡುಮಗನನ್ನು ಕೋರ್ಟಿಗೆ ಎಳೆದಳು ಎಂಬ ಮಾತು ಈಗ ಎಲ್ಲರ ಬಾಯಲ್ಲಿದೆ. ಅಡಿಕೆಗೆ ಹೋದ ಮಾನ ಆನೆ ಕೊಟ್ಟರೂ ಬರುವುದಿಲ್ಲ ಎಂಬುದನ್ನು ನಿನಗೆ ಹೇಳಿಕೊಡಬೇಕಾಗಿ ಬಂತಲ್ಲ ಎಂದು ನನಗೆ ಸಿಟ್ಟು.

ಫೋನು ಮಾಡಬೇಡ, ಎತ್ತುವುದಿಲ್ಲ. ನೀನು ಅಂಚೆಯಲ್ಲಿ ಮಾತಾಡಿದೆ, ನಾನೂ ಅಂಚೆಯಲ್ಲೇ ಮಾತಾಡುತ್ತೇನೆ.

ಇಂತಿ ನಿನ್ನ ಒಡಹುಟ್ಟಿದವ,
ಸೂರಪ್ಪ


ಮೊಳಕಾಲ್ಮೂರು,
29 ನವೆಂಬರ್ 2024

ಅಣ್ಣನಿಗೆ ಪಾಪಕ್ಕನ ಶರಣು.

ಅಕ್ಷರ ನನ್ನ ಮಗಳು ತೇಜಶ್ರೀಯದು, ಮಾತು ನನ್ನದು. ನನ್ನ ಬೆರಳುಗಳ ನಡುವೆ ಪೆನ್ನು ನಿಲ್ಲುತ್ತಿಲ್ಲ. ಬೈಗುಳ ಕಂಡರೆ ನಿನ್ನ ಸೊಸೆಯ ಮೇಲೆ ಕೋಪ ಮಾಡಿಕೊಳ್ಳಬೇಡ, ಅವಳು ಅರ್ಧಕ್ಕರ್ಧ ಬಿಟ್ಟೇ ಬರೆಯುತ್ತಿದ್ದಾಳೆ.

ಒಂದನೆಯವನು ಎರಡನೆಯವನು ಎಂಬುದು ಮದುವೆ ಮನೆಯ ಪಂಕ್ತಿಯಲ್ಲ, ಅಣ್ಣ. ಗಾಡಿ ಓಡಿಸಿದವನ ಹೆಸರು ಮೊದಲು ಬರಬೇಕು, ಅವನನ್ನು ಓಡಿಸಿದವರದು ಆಮೇಲೆ. ನಾನೂ ವಕೀಲರಮ್ಮನ ಮುಂದೆ ಕೂತು, "ಹುಡುಗನ ಹೆಸ್ರು ಬಿಟ್ಟು ಬರೀರಿ ಅಮ್ಮಾರೆ" ಎಂದು ಕೇಳಿದೆ. "ಅದನ್ನ ಬಿಟ್ರೆ ಕಂಪನಿನ ಎಳೆಯೋಕೆ ಹಗ್ಗಾನೇ ಇರಲ್ಲ" ಎಂದರು.

ಅವನ ಬೈಕಿನ ವಿಮೆ ಮುಗಿದು ಹೋಗಿತ್ತು, ಅದು ನಿನಗೆ ಗೊತ್ತಿದೆ. ಇನ್ನು ಉಳಿದದ್ದು ಕಂಪನಿ ಒಂದೇ. ಅವರು ಏನು ಹೇಳುತ್ತಾರೆ ಕೇಳು. ಮಾರುತೇಶ ಆ ದಿನ ಹೋಟೆಲಿನಿಂದ ಊಟ ತೆಗೆದುಕೊಳ್ಳುವ ಮೊದಲೇ ಆರ್ಡರ್ ರದ್ದು ಮಾಡಿದ್ದನಂತೆ. ಸ್ವಂತ ಕೆಲಸದ ಮೇಲೆ ತಿರುಗುತ್ತಿದ್ದವನು ಯಾರಿಗೆ ಗುದ್ದಿದರೂ ಅವರಿಗೆ ಸಂಬಂಧವಿಲ್ಲವಂತೆ. ನಿಜ ಏನೆಂದರೆ ಅವನು ರದ್ದು ಮಾಡಿದ್ದು ನಾನು ಬಿದ್ದ ಮೇಲೆ. ನನ್ನನ್ನು ಆಟೊದಲ್ಲಿ ಹಾಕಿಕೊಂಡು ಆಸ್ಪತ್ರೆಗೆ ಓಡಬೇಕಿತ್ತು, ಅದಕ್ಕೆ ರಸ್ತೆಯಲ್ಲೇ ನಿಂತು ರದ್ದು ಮಾಡಿದ. ಒಳ್ಳೆಯದು ಮಾಡಲು ಹೋಗಿ ಕೈಯಾರೆ ಕುಣಿಕೆ ಹಾಕಿಕೊಂಡ. ಕಂಪನಿಯವರು ಅಂದೇ ಅವನನ್ನು ಕೆಲಸದಿಂದ ತೆಗೆದರು, ಫೋನಿನಲ್ಲಿ ಈಗ ಯಾವ ಲೆಕ್ಕವೂ ತೆರೆಯುವುದಿಲ್ಲ. ಹೋಟೆಲಿನವನಿಗೆ ಏನೂ ನೆನಪಿಲ್ಲವಂತೆ. ಕಂಪನಿಯ ವ್ಯಾಪಾರ ಬೇಕಲ್ಲ, ನೆನಪು ಹೇಗೆ ಇದ್ದೀತು.

ಆ ಊಟ ಅವನ ಚೀಲದಲ್ಲೇ ಇತ್ತು. ಕಂಪನಿಯ ಚೀಲ ಕಳೆದರೆ ದಂಡ ಎಂದು ಆಸ್ಪತ್ರೆಯಲ್ಲೂ ಹೆಗಲಿಂದ ಇಳಿಸಿರಲಿಲ್ಲ. ನನಗೆ ಪ್ರಜ್ಞೆ ಇರಲಿಲ್ಲ, ನಾನು ನೋಡಲಿಲ್ಲ. ಮನೆಗೆ ಒಯ್ದ ಮೇಲೆ, ಬೆಳಿಗ್ಗೆ ಅದನ್ನು ತೆರೆದವನು ನೀನು. ಮಾರುತೇಶ ನನ್ನನ್ನು ನೋಡಲು ಬಂದಾಗ ತಲೆ ತಗ್ಗಿಸಿಕೊಂಡು ಹೇಳಿದ: "ಅತ್ತೆ, ಒಳಗೆ ಚಿಕನ್ ಬಿರಿಯಾನಿ ಇತ್ತು. ಅಪ್ಪ ಅದನ್ನ ತಾನೇ ಎತ್ಕೊಂಡು ಹೋಗಿ ಜಾಲಿ ಗಿಡದ ಬುಡದಾಗೆ ಹೂಳ್ದ. ನನ್ನ ಜೊತೆ ಮಾತೇ ಬಿಟ್ಟ."

ಊಟ ಚೀಲದಲ್ಲಿ ಇದ್ದದ್ದನ್ನು ಅವನನ್ನು ಬಿಟ್ಟರೆ ಕಣ್ಣಾರೆ ಕಂಡವನು ನೀನೊಬ್ಬ. ಬಂದು ಕಂಡದ್ದನ್ನು ಹೇಳು. ನಾನು ತವರಿನಿಂದ ಕೇಳುತ್ತಿರುವುದು ಇಷ್ಟೇ.

ನಿನ್ನ ತಂಗಿ,
ಪಾಪಕ್ಕ


ದೊಡ್ಡಉಳ್ಳಾರ್ತಿ ಹಟ್ಟಿ,
22 ಡಿಸೆಂಬರ್ 2024

ತಂಗಿ ಪಾಪಕ್ಕನಿಗೆ,

ನಿನ್ನ ಕಾಗದವನ್ನು ಓದಿ ಒಲೆಗೆ ಹಾಕಿದೆ. ಕಾಟಮ್ಮನಿಗೂ ತೋರಿಸಲಿಲ್ಲ.

ನೀನು ಕೇಳಿದ್ದು ಏನೆಂದು ನಿನಗೇ ತಿಳಿದಿದೆಯೋ ಇಲ್ಲವೋ. ಪಟ್ಟು ಸೀರೆ ನೇಯ್ದು ನೇಯ್ದು ಹಟ್ಟಿಯ ಮಣ್ಣು ಮರೆತಿದ್ದರೆ ನೆನಪು ಮಾಡಿಕೊಡುತ್ತೇನೆ. ನಾವು ಮ್ಯಾಸರು. ನಮ್ಮಲ್ಲಿ ಕೋಳಿ ಸಾಕುವುದಿಲ್ಲ, ತಿನ್ನುವುದಿಲ್ಲ, ಮುಟ್ಟುವುದಿಲ್ಲ. ಕೋಳಿ ಕೂಗದೆಯೇ ಬೆಳಗಾಗುವ ಹಟ್ಟಿ ಇದು. ಅದರಲ್ಲೂ ದೇವರ ಎತ್ತಿನ ರೊಪ್ಪಕ್ಕೆ ಕಾಲಿಡುವವನ ಕೈ ಹೇಗಿರಬೇಕು? ಮಗ ಪೇಟೆಯಲ್ಲಿ ಔಷಧಿ, ಬಟ್ಟೆಬರೆ ಮನೆಮನೆಗೆ ಮುಟ್ಟಿಸುತ್ತಾನೆ ಎಂದು ಹಿರಿಯರಿಗೆ ಹೇಳಿದ್ದೆ. ಹಾಗೆಂದೇ ನಾನೂ ನಂಬಿದ್ದೆ. ಅಂದು ಬೆಳಿಗ್ಗೆ ಚೀಲ ತೆರೆದಾಗ ನಂಬಿಕೆ ಹೋಯಿತು. ಚರಂಡಿಗೆ ಎಸೆಯಲು ಮನಸ್ಸಾಗಲಿಲ್ಲ, ಎಷ್ಟಾದರೂ ಅನ್ನ. ಮನೆಯಲ್ಲಿ ಇಡುವ ಹಾಗಿಲ್ಲ. ಬೇರೆಯವರ ಕೈಗೆ ಕೊಟ್ಟರೆ ಸುದ್ದಿಯಾಗುತ್ತದೆ. ನಾನೇ ಹೂಳಿದೆ, ತಲೆಗೆ ಸ್ನಾನ ಮಾಡಿದೆ, ಎತ್ತುಗಳನ್ನು ಮೇಯಲು ಬಿಟ್ಟೆ. ಯಾರಿಗೂ ಹೇಳಲಿಲ್ಲ.

ಅದನ್ನು ಕಟಕಟೆಯಲ್ಲಿ ನಿಂತು ಹೇಳು ಅನ್ನುತ್ತೀಯ. ಕೋರ್ಟಿನಲ್ಲಿ ಆಡಿದ ಮಾತು ಬಸ್ಸು ಹತ್ತಿ ನನಗಿಂತ ಮೊದಲು ಹಟ್ಟಿಗೆ ಬರುತ್ತದೆ. ದೊಡ್ಡೀರಪ್ಪ ಈ ಹಟ್ಟಿಯ ಹಿರೀಕ, ಅವನ ಮುಂದೆ ನಾನು ಯಾವ ಮುಖ ಹೊತ್ತು ನಿಲ್ಲಲಿ? ಅಪ್ಪ ಬಿಟ್ಟು ಹೋದದ್ದು ಹೊಲವಲ್ಲ, ಮನೆಯಲ್ಲ, ಆ ರೊಪ್ಪದ ಕಾಯಕ ಒಂದೇ. ಅದು ಹೋದರೆ ನಾನು ಯಾರು?

ಕೇಸು ಹಿಂದಕ್ಕೆ ತೆಗೆದುಕೋ. ನಿನ್ನ ಕೈಗೆ ಆಗಬೇಕಾದದ್ದನ್ನೆಲ್ಲ ನಾನು ನೋಡಿಕೊಳ್ಳುತ್ತೇನೆ. ಅಣ್ಣ ಎಂದು ಹುಟ್ಟಿದ ಮೇಲೆ ಅದು ನನ್ನ ಪಾಲು. ಸಂಕ್ರಾಂತಿಗೆಂದು ಒಂದು ಸೀರೆ, ನವಣೆ, ಅವರೆಕಾಯಿ ಬಸ್ಸಿನಲ್ಲಿ ಕಳಿಸಿದ್ದೇನೆ. ಸೀರೆ ಉಟ್ಟುಕೊ. ತವರಿನದು.

ಇಂತಿ,
ಸೂರಪ್ಪ


ಮೊಳಕಾಲ್ಮೂರು,
19 ಜನವರಿ 2025

ಅಣ್ಣನಿಗೆ ಪಾಪಕ್ಕನ ಶರಣು.

ನವಣೆ, ಅವರೆಕಾಯಿ ಇಟ್ಟುಕೊಂಡೆ. ಸೀರೆ ಅದೇ ಬಸ್ಸಿನಲ್ಲಿ ವಾಪಸು ಬರುತ್ತಿದೆ, ಇಳಿಸಿಕೊ. ಮೊಳಕಾಲ್ಮೂರಿನ ನೇಕಾರಳಿಗೆ ಪವರ್‌ಲೂಮ್ ಸೀರೆ ಕಳಿಸಿದ ಮೊದಲ ಗಂಡಸು ನೀನೇ ಇರಬೇಕು. ಪಕ್ಕದ ಮನೆಯ ಸಿದ್ದಕ್ಕ ಅದರ ಅಂಚು ಮುಟ್ಟಿ ನೋಡಿ ನಕ್ಕಳು. ನಾನು ನಗಲಿಲ್ಲ, ಎಷ್ಟಾದರೂ ತವರು.

ಅಣ್ಣ, ಈ ಮನೆಗೆ ಸೊಸೆಯಾಗಿ ಬಂದಾಗ ನನಗೆ ಲಾಳಿ ಹಿಡಿಯಲೂ ಬರುತ್ತಿರಲಿಲ್ಲ. ಕುರಿ ಕಾಯುವ ಹಟ್ಟಿಯ ಹುಡುಗಿಗೆ ರೇಷ್ಮೆ ಏನು ಗೊತ್ತು ಎಂದು ಓಣಿಯವರು ಆಡಿಕೊಂಡರು. ಆ ಓಣಿಯಲ್ಲೇ ಇಂದು ದೊಡ್ಡ ಅಂಚಿನ ಸೀರೆ ಬೇಕೆಂದರೆ ಪಾಪಕ್ಕನ ಮಗ್ಗ ಯಾವುದು ಎಂದು ಕೇಳಿಕೊಂಡು ಬರುತ್ತಾರೆ. ನಿನ್ನ ಭಾವ ಗಾದ್ರಪ್ಪ ಒಡಲು ನೇಯುತ್ತಾರೆ, ಅಂಚಿನ ಲಾಳಿ ನನ್ನದು. ಮಗ್ಗಕ್ಕೆ ನಾವಿಬ್ಬರೂ ಕೂತರೇ ಸೀರೆ, ಒಬ್ಬರು ಎದ್ದರೆ ಬರೀ ಬಟ್ಟೆ. ಈಗ ಅವರು ಬರೀ ಬಟ್ಟೆ ನೇಯುತ್ತಿದ್ದಾರೆ. ನಾನು ಮಗ್ಗದ ಕುಣಿಯ ಪಕ್ಕ ಕೂತು ಅವರ ಕೈ ನೋಡುತ್ತೇನೆ. ನನ್ನ ಕಿರುಬೆರಳೂ ಅದರ ಪಕ್ಕದ್ದೂ ಮಡಚುವುದಿಲ್ಲ. ಮುಂದೆಯೂ ಮಡಚುವುದಿಲ್ಲವೆಂದು ಡಾಕ್ಟರು ಹೇಳಿದರು. ಹೊರಗೆ ಬಂದು ಬಸ್ಸಿಗೆ ಕಾಯುವಾಗ ಅತ್ತುಬಿಟ್ಟೆ. ನಿನಗೆ ಹೇಳದೆ ಇನ್ಯಾರಿಗೆ ಹೇಳಲಿ.

ವಕೀಲರಮ್ಮ ಅರ್ಜಿಯಲ್ಲಿ ಮೊದಲು ಗೃಹಿಣಿ ಎಂದು ಬರೆಸಿದ್ದರು. ನಾನು ಹೊಡೆದು ಹಾಕಿಸಿದೆ. "ನೇಕಾರಳು ಅಂತ ಬರೀರಿ ಅಮ್ಮಾರೆ, ನನ್ನ ಕೈ ಅಂಥದ್ದು" ಎಂದೆ. ನೀನು ಅಣ್ಣನೆಂದು ಕೊಟ್ಟರೆ ಅದು ಪ್ರೀತಿ, ನನಗೆ ಗೊತ್ತು. ಆದರೆ ನನಗೆ ಬೇಕಿರುವುದು ಪ್ರೀತಿಯಲ್ಲ. ನಾನು ದುಡಿಯುತ್ತಿದ್ದ ಕೈ ಹೋಯಿತು, ಅದಕ್ಕೆ ಹೊಣೆಗಾರರು ಕೊಡಬೇಕು. ಆ ಹುಡುಗ ರಾಂಗ್ ಸೈಡಿನಲ್ಲಿ ಬಂದದ್ದು ಏಕೆ? ಸುತ್ತು ಹಾಕಿ ಬಂದರೆ ಹೊತ್ತು ಮೀರುತ್ತದೆ, ಮೀರಿದರೆ ಅವನ ದುಡಿಮೆಗೆ ಪೆಟ್ಟು. ಆ ಅವಸರದ ಲಾಭ ಉಂಡವರು ಈಗ ಅವನು ನಮ್ಮವನೇ ಅಲ್ಲ ಅನ್ನುತ್ತಾರೆ. ಅಷ್ಟೇ ಅಲ್ಲ, ತಲುಪಿಸದ ಊಟ ತಾನೇ ಇಟ್ಟುಕೊಂಡ ಎಂದು ಅವನಿಗೆ ಕಳ್ಳನ ಪಟ್ಟ ಬೇರೆ ಕಟ್ಟಿದ್ದಾರೆ. ಒಂದು ಬಾಯಲ್ಲಿ ಊಟ ಎತ್ತಿಕೊಳ್ಳಲೇ ಇಲ್ಲ, ಇನ್ನೊಂದು ಬಾಯಲ್ಲಿ ಊಟ ಕದ್ದ. ಕಿಲಾರಿ ಸೂರಪ್ಪನ ಮಗ ಕೋಳಿ ಕಳ್ಳ. ಈ ಮಾನ ಯಾವ ಅಡಿಕೆಗೆ ಹೋಯಿತು ಎಂದು ಯೋಚಿಸು.

ಸಿದ್ದಕ್ಕ ನನ್ನ ಈ ಮಾತೆಲ್ಲ ಕೇಳಿ ತನ್ನ ತೆಲುಗಿನಲ್ಲಿ, "ಚೆಯ್ಯಿ ವಿರಿಗಿಂದಿ, ನೋರು ವಿರಗಲೇದು" ಎಂದಳು. ಕೈ ಮುರಿದರೂ ಬಾಯಿ ಮುರಿದಿಲ್ಲವಂತೆ. ಹೌದು ಎಂದೆ.

ನಿನ್ನ ತಂಗಿ,
ಪಾಪಕ್ಕ

ಮಾವ, ಇದು ನಾನು ತೇಜಶ್ರೀ. ಅವ್ವ ಸೀರೆಯನ್ನು ವಾಪಸು ಕಟ್ಟುವ ಮೊದಲು ಒಂದು ಸಲ ಹೆಗಲ ಮೇಲೆ ಹಾಕಿಕೊಂಡು ನೋಡಿತು. ಇದನ್ನು ಬರೆದದ್ದು ಅವ್ವನಿಗೆ ಗೊತ್ತಿಲ್ಲ.


ರಾಂಪುರ,
16 ಜೂನ್ 2025

ಅತ್ತೆಗೆ ಮಾರುತೇಶನ ನಮಸ್ಕಾರಗಳು.

ಫೋನಿನಲ್ಲಿ ಹೇಳಲು ಕೂತರೆ ಎರಡು ಮಾತಿಗೇ ಇಟ್ಟುಬಿಡುತ್ತೇನೆ, ಅದಕ್ಕೆ ನಿಮ್ಮಿಬ್ಬರ ದಾರಿಯನ್ನೇ ಹಿಡಿದೆ. ನಾನು ಈಗ ರಾಂಪುರದಲ್ಲಿ ಒಬ್ಬರ ಲಗೇಜ್ ಆಟೊ ಓಡಿಸುತ್ತಿದ್ದೇನೆ. ಈರುಳ್ಳಿ ಚೀಲ, ಸಿಮೆಂಟು, ಮದುವೆ ಸಾಮಾನು. ಯಾರೂ ಹೊತ್ತು ಅಳೆಯುವುದಿಲ್ಲ.

ನಾನು ಸಾಕ್ಷಿ ಹೇಳಬೇಕಿದ್ದ ವಾಯಿದೆಯ ಹಿಂದಿನ ವಾರ ಕಂಪನಿ ಕಡೆಯ ಒಬ್ಬರು ಬಂದಿದ್ದರು. ಆರ್ಡರನ್ನು ಗುದ್ದುವುದಕ್ಕೆ ಮೊದಲೇ ರದ್ದು ಮಾಡಿದ್ದೆ ಎಂದು ಸಹಿ ಹಾಕಿದರೆ ಕೆಲಸ ವಾಪಸು ಕೊಡಿಸುತ್ತೇನೆ, ಕಳ್ಳತನದ ಮಾತೂ ಬಿಟ್ಟುಹೋಗುತ್ತದೆ ಎಂದರು. "ಹಾಕಲ್ಲ ಸಾರ್" ಎಂದೆ. "ನಿಮ್ಮ ಅತ್ತೆ ನಿಮ್ಮ ಮೇಲೇನೇ ಕೇಸ್ ಹಾಕಿದಾರಲ್ರಿ" ಎಂದರು. "ನಮ್ಮತ್ತೆ ನನ್ನ ಮ್ಯಾಲೆ ಹಾಕ್ದೆ ಇನ್ಯಾರ ಮ್ಯಾಲೆ ಹಾಕ್ಬೇಕು ಸಾರ್, ಗುದ್ದಿದ್ದು ನಾನಲ್ವಾ" ಎಂದೆ. ಅವರಿಗೆ ಅದು ಅರ್ಥವಾದಂತೆ ಕಾಣಲಿಲ್ಲ.

ನೀವೇ ಕೇಳಿದಿರಿ, ಕೋರ್ಟಿನಲ್ಲಿ ನಡೆದದ್ದನ್ನು ನಡೆದ ಹಾಗೇ ಹೇಳಿದೆ. ರಾಂಗ್ ಸೈಡಿನಲ್ಲಿ ಬಂದದ್ದು, ಗುದ್ದಿದ್ದು, ನೀವು ಬಿದ್ದ ಮೇಲೆ ರದ್ದು ಮಾಡಿದ್ದು, ಚೀಲದಲ್ಲಿ ಚಿಕನ್ ಬಿರಿಯಾನಿ ಇದ್ದದ್ದು. ಕಂಪನಿ ವಕೀಲರು, "ಅತ್ತೆಗೆ ದುಡ್ಡು ಸಿಗಲಿ ಅಂತ ಕಥೆ ಕಟ್ತಿದೀರಿ. ಊಟ ಇತ್ತು ಅನ್ನೋಕೆ ಬೇರೆ ಯಾರು ಸಾಕ್ಷಿ?" ಎಂದು ಕೇಳಿದರು. ನಾನು ಅಪ್ಪನ ಹೆಸರು ಹೇಳಲಿಲ್ಲ, ಅತ್ತೆ. ಬಾಯಿಗೆ ಬಂದಿತ್ತು, ನುಂಗಿಕೊಂಡೆ. ನನ್ನ ಮಾತನ್ನು ನಾನು ಹೇಳಬಹುದು, ಅಪ್ಪನ ಮಾತನ್ನು ಅಪ್ಪನೇ ಹೇಳಬೇಕು.

ಸಂಜೆಯ ಹೊತ್ತಿಗೆ ಹಟ್ಟಿಗೆ ಸುದ್ದಿ ಮುಟ್ಟಿತ್ತು. ಕಿಲಾರಿಯ ಮಗ ಕೋಳಿ ಹೊತ್ತಿದ್ದನಂತೆ ಎಂದು. ದೊಡ್ಡೀರಪ್ಪ ತಾತ ಅಪ್ಪನನ್ನು ಕೇಳಿದ್ದಕ್ಕೆ ಅಪ್ಪ, "ಹುಡುಗ ಕೋರ್ಟಿನಾಗೆ ಹೇಳಿದ್ದು ನಿಜ" ಎಂದಷ್ಟೇ ಹೇಳಿ ಎದ್ದು ಹೋಯಿತಂತೆ. ತಾನು ಮುಟ್ಟಿದ್ದನ್ನು ಹೇಳಲಿಲ್ಲ. ನನ್ನನ್ನು ಬೈಯಲೂ ಇಲ್ಲ. ಇನ್ನೂ ಅಪ್ಪ ರೊಪ್ಪಕ್ಕೆ ಹೋಗುತ್ತಿದೆ. ಆದರೆ ಒಳಗೆ ಕಾಲಿಡುವ ಮುಂಚೆ ಬಾಗಿಲಲ್ಲಿ ಬಹಳ ಹೊತ್ತು ನಿಂತಿರುತ್ತದೆ ಎಂದು ಅವ್ವ ಹೇಳಿತು.

ನಿಮ್ಮ ಕೈ ನೋಡಿದಾಗಲೆಲ್ಲ ನನಗೆ ಏನಾಗುತ್ತದೆ ಎಂದು ಬರೆಯಲು ಬರುವುದಿಲ್ಲ.

ನಿಮ್ಮ ಅಳಿಯ,
ಮಾರುತೇಶ್


ಮೊಳಕಾಲ್ಮೂರು,
20 ಜುಲೈ 2025

ಅಣ್ಣನಿಗೆ,

ಇದು ನನ್ನ ಅಕ್ಷರ, ಎಡಗೈಯದು. ಕಾಗೆ ಕಾಲಿನ ಹಾಗಿದ್ದರೂ ಓದಿಕೊ.

ಕೊನೆಯ ಸಾಕ್ಷಿಗೆ ಆಗಸ್ಟ್ ಹನ್ನೆರಡಕ್ಕೆ ವಾಯಿದೆ ಇಟ್ಟಿದ್ದಾರೆ. ಕೋರ್ಟಿನಿಂದಲೇ ಸಮನ್ಸ್ ಕಳಿಸಿ ನಿನ್ನನ್ನು ಕರೆಸಬಹುದು ಎಂದು ವಕೀಲರಮ್ಮ ಹೇಳಿದರು. ಬೇಡವೆಂದೆ. ದೇವರ ಎತ್ತಿನ ಕಿಲಾರಿಯನ್ನು ಕೋರ್ಟಿನ ಅಮೀನನ ಕೈಯಲ್ಲಿ ಹಿಡಿಸಿಕೊಂಡು ಬರುವಷ್ಟು ನಾನು ಇಳಿದಿಲ್ಲ. ನೀನಾಗಿ ಬರಬೇಕು, ಇಲ್ಲದಿದ್ದರೆ ಬರಬಾರದು.

ನೀನು ಬರದಿದ್ದರೆ ಕಂಪನಿ ಜಾರಿಕೊಳ್ಳುತ್ತದೆ, ಹೊರೆಯೆಲ್ಲ ಹುಡುಗನ ತಲೆಗೆ ಬೀಳುತ್ತದೆ. ಆಗ ನಾನು ಒಂದು ಪೈಸೆಯನ್ನೂ ವಸೂಲಿ ಮಾಡುವುದಿಲ್ಲ, ಈಗಲೇ ಬರೆದುಕೊಡುತ್ತೇನೆ. ಕೈಯೂ ಇಲ್ಲ, ಪರಿಹಾರವೂ ಇಲ್ಲ, ಆದರೆ ಪಾಪಕ್ಕ ತವರನ್ನು ಹರಾಜು ಹಾಕಿದಳು ಎಂಬ ಮಾತು ಮಾತ್ರ ಬರುವುದಿಲ್ಲ. ಹಾಗೇ ಆಗಲಿ.

ಮಾರುತೇಶ ಕಟಕಟೆಯಲ್ಲಿ ನಿಂತದ್ದನ್ನು ನೀನು ನೋಡಬೇಕಿತ್ತು, ಅಣ್ಣ. ಕಂಪನಿಯ ವಕೀಲ ಅಂಥ ಕೋಟು ಹಾಕಿಕೊಂಡು ಗದರುತ್ತಿದ್ದ. ನಮ್ಮ ಹುಡುಗ ಕೈ ಕಟ್ಟಿಕೊಳ್ಳಲಿಲ್ಲ, ದನಿ ಏರಿಸಲಿಲ್ಲ. ನನ್ನ ಕೈ ಮುರಿದವನ ಮೇಲೆ ನನಗೆ ಅಷ್ಟು ಹೆಮ್ಮೆ ಬಂದದ್ದು ನನಗೇ ವಿಚಿತ್ರ ಅನಿಸಿತು. ಹೊರಗೆ ಬಂದು, ಇದ್ದ ಒಂದು ಕೈಯಲ್ಲೇ ಅವನ ಬೆನ್ನಿಗೆ ಒಂದು ಗುದ್ದು ಕೊಟ್ಟೆ.

ಪಾಪಕ್ಕ


ಮೊಳಕಾಲ್ಮೂರು,
14 ಆಗಸ್ಟ್ 2025

ಅಣ್ಣನಿಗೆ ನಿನ್ನ ತಂಗಿಯ ಶರಣು, ಶರಣು.

ನೀನು ಕೋರ್ಟಿನಿಂದ ಯಾರ ಜೊತೆಗೂ ಮಾತಾಡದೆ ಹೊರಟುಬಿಟ್ಟೆ. ಟೀ ಕುಡಿಯೋಣ ಎಂದು ನಿನ್ನ ಭಾವ ಹಿಂದೆಯೇ ಓಡಿ ಬಂದರು, ನೀನು ಬಸ್ಸು ಹತ್ತಿಯಾಗಿತ್ತು. ಅದಕ್ಕೆ ಬರೆಯುತ್ತಿದ್ದೇನೆ. ನೀನು ಮಾತಾಡಿದವನು, ನಿನಗೆ ಕಂಡಿರುವುದಿಲ್ಲ. ಕಂಡವಳು ನಾನು. ಎರಡು ದಿನದಿಂದ ಓಣಿಯವರಿಗೆಲ್ಲ ಹೇಳಿಯಾಯಿತು, ನಿನಗೂ ಒಮ್ಮೆ ಹೇಳುತ್ತೇನೆ.

ಹನ್ನೊಂದು ದಾಟಿದರೂ ನೀನು ಬಂದಿರಲಿಲ್ಲ. ನಾನು ಆಸೆ ಬಿಟ್ಟು ಬೆಂಚಿನ ಮೇಲೆ ಕೂತಿದ್ದೆ. ತೇಜಶ್ರೀ ಮೊಣಕೈಯಲ್ಲಿ ತಿವಿದು, "ಅವ್ವ, ಮಾವ" ಎಂದಳು. ಬಿಳಿ ಪಂಚೆ, ಬಿಳಿ ಅಂಗಿ, ತಲೆಗೆ ಹಬ್ಬದ ರುಮಾಲು. ಬಾಗಿಲಲ್ಲಿದ್ದ ಪೊಲೀಸಿನವನು ರುಮಾಲು ತೆಗೆಯಲು ಹೇಳಿದ. ನೀನು ಅದನ್ನು ತೆಗೆದು, ಮಡಚಿ, ಕಂಕುಳಲ್ಲಿ ಇಟ್ಟುಕೊಂಡೆ. ಆ ರುಮಾಲಿಲ್ಲದೆ ನಿನ್ನನ್ನು ಹೊರಗೆ ಕಂಡ ನೆನಪು ನನಗಿಲ್ಲ. ನಿನ್ನ ನೆತ್ತಿ ಬೆಳ್ಳಗಾಗಿದೆ, ಅಣ್ಣ.

ನಮ್ಮ ವಕೀಲರಮ್ಮ ಚೀಲದಲ್ಲಿ ಏನಿತ್ತು ಎಂದು ಕೇಳಿದರು. "ಕೋಳಿ ಅನ್ನ ಇತ್ತು ತಾಯಿ" ಎಂದೆ ನೀನು. ಏನು ಮಾಡಿದಿರಿ ಎಂದರು. "ನನ್ನ ಕೈಯಾಗೆ ಎತ್ಕೊಂಡು ಹೋಗಿ ಹೂಳಿದೀನಿ" ಎಂದೆ. ಬರೆದುಕೊಳ್ಳುವವರು ಸರಿಯಾಗಿ ಕೇಳಿಸಲಿಲ್ಲ ಎಂದಾಗ ಇನ್ನೊಮ್ಮೆ ಅಷ್ಟೇ ಗಟ್ಟಿಯಾಗಿ ಹೇಳಿದೆ. ಹಿಂದಿನ ಬೆಂಚಿನಲ್ಲಿ ಪೋಸ್ಟಿನ ಪಾಲಣ್ಣನೂ ಬಂದು ಕೂತಿದ್ದ. ಅವನು ಏಕೆ ಬಂದಿದ್ದನೋ ದೇವರಿಗೇ ಗೊತ್ತು. ನೀನು ಅವನನ್ನು ನೋಡಿದೆ, ನೋಡಿಯೂ ಹೇಳಿದೆ.

ಆಮೇಲೆ ಆ ಕೋಟಿನವನು ಎದ್ದ. ಒಳ್ಳೆ ಓದಿಕೊಂಡು ಬಂದಿದ್ದ. "ನೀವು ಮ್ಯಾಸ ನಾಯಕರು, ಹೌದಾ? ದೇವರ ಎತ್ತಿನ ಕಿಲಾರಿ, ಹೌದಾ? ನಿಮ್ಮಲ್ಲಿ ಕೋಳಿ ಮುಟ್ಟೋದಿಲ್ಲ, ಹೌದಾ?" ಎಂದು ಒಂದೊಂದಕ್ಕೂ ಹೂಂ ಅನ್ನಿಸಿಕೊಂಡ. ಆಮೇಲೆ ಗೆದ್ದವನ ಹಾಗೆ ನ್ಯಾಯಾಧೀಶರ ಕಡೆ ತಿರುಗಿ, "ಮುಟ್ಟೋದೇ ಇಲ್ಲ ಅನ್ನೋ ಕುಲದವರು ಕೈಯಲ್ಲಿ ಎತ್ತಿ ಹೂಳಿದರಂತೆ. ಮಗನನ್ನ ಉಳಿಸೋಕೆ ಸುಳ್ಳು ಹೇಳ್ತಿದಾರೆ" ಎಂದ. ನಮ್ಮ ಮರ್ಯಾದೆಯನ್ನೇ ತೆಗೆದು ನಮ್ಮ ಮುಖಕ್ಕೆ ಹೊಡೆದ ಹಾಗಾಯಿತು.

ನೀನು ಅವಸರ ಮಾಡಲಿಲ್ಲ. "ಮುಟ್ಟಲ್ಲ ಸ್ವಾಮಿ. ಅದಕ್ಕೇ ಮರ್ತಿಲ್ಲ" ಎಂದೆ.

ನ್ಯಾಯಾಧೀಶರು ಕನ್ನಡಕ ತೆಗೆದು ನಿನ್ನನ್ನು ನೋಡಿದರು. ಕೋಟಿನವನು ಕಾಗದ ಮಡಚಿಕೊಂಡು ಕೂತುಬಿಟ್ಟ.

ನಮ್ಮಪ್ಪ ಇದ್ದಿದ್ದರೆ ಎಂದು ನಾನು ಹೇಳುವುದಿಲ್ಲ, ಸತ್ತವರ ಹೆಸರಲ್ಲಿ ಹೊಗಳುವುದು ನನಗೆ ಹಿಡಿಸದು. ನಾನು ಇದ್ದೆ, ನಾನು ಕೇಳಿದೆ, ಅಷ್ಟು ಸಾಕು. ನಾನು ಸೂರಪ್ಪನ ತಂಗಿ ಎಂದು ಈ ಊರಿನಲ್ಲಿ ಇಷ್ಟು ವರ್ಷ ಹೇಳಿಕೊಳ್ಳುವ ಅಗತ್ಯ ಬಿದ್ದಿರಲಿಲ್ಲ. ಈಗ ಕೇಳದವರಿಗೂ ಹೇಳುತ್ತಿದ್ದೇನೆ.

ಹಟ್ಟಿಯಲ್ಲಿ ಏನಾಯಿತು? ಹಿರಿಯರು, ದೈವಸ್ಥರು ಸೇರಿದರೇ? ಏನೆಂದರು? ನನ್ನಿಂದ ನಿನ್ನ ರೊಪ್ಪ ಹೋಯಿತೇ? ಹೋಗಿದ್ದರೆ ಹೋಯಿತು ಎಂದಾದರೂ ಬರೆ. ಬಾಯಿಗೆ ಬೀಗ ಹಾಕಿಕೊಂಡು ಕೂರಬೇಡ.

ನಿನ್ನ ತಂಗಿ,
ಪಾಪಕ್ಕ


ದೊಡ್ಡಉಳ್ಳಾರ್ತಿ ಹಟ್ಟಿ,
8 ಡಿಸೆಂಬರ್ 2025

ತಂಗಿ ಪಾಪಕ್ಕನಿಗೆ ಅಣ್ಣ ಸೂರಪ್ಪನ ಆಶೀರ್ವಾದ.

ತೀರ್ಪು ಬಂದದ್ದನ್ನು ತೇಜಶ್ರೀ ಫೋನು ಮಾಡಿ ಹೇಳಿದಳು. ಎತ್ತುವುದಿಲ್ಲ ಎಂದು ಹೇಳಿದ್ದು ನಿನ್ನ ಫೋನನ್ನು, ಅವಳದನ್ನಲ್ಲ. ಹುಡುಗ ಕಂಪನಿಯ ಕೆಲಸದ ಮೇಲೇ ಇದ್ದ, ಪರಿಹಾರವನ್ನು ಕಂಪನಿಯೇ ಕೊಡಬೇಕು ಎಂದು ಬರೆದಿದ್ದಾರಂತೆ. ನೀನು ನೇಕಾರಳು ಎಂದೂ ಬರೆದಿದ್ದಾರಂತೆ. ಆ ಸಾಲನ್ನು ಎರಡು ಸಲ ಓದಿಸಿದೆ. ಅವರು ಮೇಲಿನ ಕೋರ್ಟಿಗೆ ಹೋಗಬಹುದು, ಹೋಗಲಿ. ಅಲ್ಲಿಗೂ ಬಸ್ಸು ಇರುತ್ತದೆ, ನನಗೆ ಬಾಯಿ ಇರುತ್ತದೆ.

ನೀನು ಕೇಳಿದ್ದಕ್ಕೆ ಇಷ್ಟು ದಿನ ಉತ್ತರ ಬರೆಯಲಿಲ್ಲ. ನಿನ್ನ ಕೇಸು ಮುಗಿಯುವ ತನಕ ನಿನಗೆ ತಿಳಿಯುವುದು ಬೇಡವೆಂದಿದ್ದೆ. ತಿಳಿದರೆ ನೀನು ಓಡಿ ಬಂದು ಹಿರಿಯರ ಮುಂದೆ ಜಗಳ ತೆಗೆಯುತ್ತಿದ್ದೆ. ನಿನ್ನ ಬಾಯಿ ನನಗೆ ಗೊತ್ತಿಲ್ಲವೇ.

ಕೋರ್ಟಿನಿಂದ ಬಂದ ಮರುದಿನವೇ ನಾನಾಗಿ ಹೋಗಿ ದೊಡ್ಡೀರಪ್ಪನ ಮುಂದೆ ನಿಂತೆ. ಪಾಲಣ್ಣ ಹೇಳುವ ಮೊದಲು ನಾನು ಹೇಳಬೇಕು ಎಂದು. ಹಿರಿಯರೆಲ್ಲ ಕಟ್ಟೆಗೆ ಬಂದು ಹಟ್ಟಿಯ ದೈವ ಸೇರಿತು. ಮಾರುತೇಶನೂ ಬಂದು ನನ್ನ ಪಕ್ಕದಲ್ಲಿ ನಿಂತ. ನಾನು ಕರೆದಿರಲಿಲ್ಲ. ದೊಡ್ಡೀರಪ್ಪ, "ಗೊತ್ತಿಲ್ದೆ ಮುಟ್ದೆ ಅಂತ ಹೇಳ್ಬಿಡು ಸೂರ. ತಪ್ಪು ಕಾಣಿಕೆ ಹಾಕಿ, ಇವತ್ತೇ ಒಳಗೆ ಹೋಗು" ಎಂದ. ಹಳೆಯ ಸ್ನೇಹಕ್ಕೆ ದಾರಿ ಬಿಟ್ಟು ಕೊಟ್ಟ. ಎಲ್ಲರೂ ನನ್ನ ಬಾಯಿ ನೋಡುತ್ತಿದ್ದರು. "ಗೊತ್ತಿದ್ದೇ ಮುಟ್ಟಿದೀನಿ, ಗೊತ್ತಿದ್ದೇ ಹೇಳಿದೀನಿ" ಎಂದೆ.

"ಊಟದ ಪೊಟ್ಟಣ ಅಂದಿದ್ರೆ ಸಾಕಾಗಿತ್ತಲ್ಲ. ಕೋಳಿ ಹೆಸ್ರು ಯಾಕೆ ಎತ್ತಿದೆ?" ಎಂದು ಕೇಳಿದ.

"ಅರ್ಧ ಹೇಳಿದ್ರೆ ನನ್ನ ತಂಗಿ ಕೈ ಅರ್ಧಾನೇ ಮುರಿದಿರ್ತಿತ್ತಾ?" ಎಂದೆ.

ಆಮೇಲೆ ಮಾರುತೇಶ, "ಅಪ್ಪನ್ನ ಬಿಡ್ರಿ, ಹೊತ್ತಿದ್ದು ನಾನು, ನನಗೆ ಏನು ಬೇಕಾದ್ರೂ ವಿಧಿಸ್ರಿ" ಎಂದ. ನಾನು ಅವನ ಹೆಗಲ ಮೇಲೆ ಕೈ ಹಾಕಿದೆ. ಅವನು ಬೆಳೆದ ಮೇಲೆ ಹಾಗೆ ಕೈ ಹಾಕಿದ್ದು ಅದೇ ಮೊದಲಿರಬೇಕು. ಹಿರಿಯರಿಗೆ ಕೇಳುವ ಹಾಗೇ ಹೇಳಿದೆ: "ನಾನು ಇಷ್ಟು ದಿನ ಬಾಯಿ ಮುಚ್ಕೊಂಡಿದ್ದೆ. ಇವ್ನು ಮೊದ್ಲು ಬಾಯಿ ಬಿಟ್ಟ. ಇಂಥ ಮಗ ನನಗವ್ನೆ ಅಂತ ನಾನು ತಲೆ ಎತ್ಕೊಂಡೇ ಓಡಾಡ್ತೀನಿ." ಅವನು ಮುಖ ಆ ಕಡೆ ತಿರುಗಿಸಿಕೊಂಡ.

ಕಟ್ಟಳೆ ಕಟ್ಟಳೆಯೇ, ತಂಗಿ. ಅದನ್ನು ಬಿಟ್ಟುಕೊಡಿ ಎಂದು ನಾನು ಕೇಳಲಿಲ್ಲ, ಅವರೂ ಬಿಡಲಿಲ್ಲ. ಉಗಾದಿಯವರೆಗೆ ರೊಪ್ಪಕ್ಕೆ ಕಾಲಿಡುವ ಹಾಗಿಲ್ಲ ಎಂದರು. ಒಪ್ಪಿಕೊಂಡೆ. ಆ ದಿನದಿಂದ ಬೇಲಿಯ ಈಚೆ ನಿಂತು ಎತ್ತುಗಳನ್ನು ನೋಡಿ ಬರುತ್ತೇನೆ. ಕಷ್ಟವಾಗುತ್ತದೆ, ಸುಳ್ಳು ಹೇಳುವುದಿಲ್ಲ.

ಅಂದು ಕಿಲಾರಿ ಕೋಲನ್ನು ದೊಡ್ಡೀರಪ್ಪನ ಕಾಲ ಬಳಿ ಇಟ್ಟು ಹೊರಟಿದ್ದೆ. ನನ್ನ ಜಾಗಕ್ಕೆ ಇನ್ನೊಬ್ಬನನ್ನು ನೇಮಿಸುತ್ತಾರೆ ಎಂದುಕೊಂಡಿದ್ದೆ, ಅಪ್ಪ ಬಿಟ್ಟು ಹೋದ ಕೋಲು ಬೇರೆ ಮನೆಗೆ ಹೋಗುತ್ತದೆ ಎಂದು. ಯಾರೋ ಒಬ್ಬ ಎತ್ತಿಕೊಳ್ಳಲು ಬಗ್ಗಿದ. ದೊಡ್ಡೀರಪ್ಪ ಅವನ ಕೈಯನ್ನು ತಳ್ಳಿದ.

"ಮುಟ್ಟಬ್ಯಾಡ್ರಲೇ. ಅದು ಇಲ್ಲೇ ಗ್ವಾಡೆಗೆ ಒರಗಿರ್ಲಿ. ಉಗಾದಿ ದಿನ ಸೂರಪ್ಪ ಬಂದು ತಗೊಂತಾನೆ" ಎಂದ.

ಉಗಾದಿಗೆ ನೀನು ಬರಬೇಕು. ನೋಟಿಸು ಕಳಿಸಬೇಡ, ನೀನೇ ಬಾ.

ಇಂತಿ ನಿನ್ನ ಅಣ್ಣ,
ಕಿಲಾರಿ ಸೂರಪ್ಪ